‘ನೋವಿಗೆ ಸಂಬಂಧಿಸಿದ ಖಿನ್ನತೆ’: ಇಲ್ಲಿ ‘ಖಿನ್ನತೆ’ ಸರಿಯೇ?

ಪದಬಲ್ಲವರಿಗೆ ನಮಸ್ಕಾರ.

ಐಬುಪ್ರೊಫೆನ್, ಕೀಟೋಪ್ರೊಫೆನ್‌ನಂಥ ಉರಿಯೂತ ತಗ್ಗಿಸುವ ನೋವಿನ ಮಾತ್ರೆಗಳ ಸಂಶೋಧನೆ ಕುರಿತು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಪೇನ್ ರಿಲೇಟೆಡ್ ಡಿಪ್ರೆಶನ್’ ಎಂಬ ಮಾತು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಡಿಪ್ರೆಶನ್ ಎಂದೊಡನೆ ನಮ್ಮ ಕೈಗೆ ಸಿಗುವುದು ‘ಖಿನ್ನತೆ’. ಹಾಗೇ ಬರೆದರೆ ವಾಕ್ಯ ಹೀಗಾಗುತ್ತದೆ: “ಕೀಟೋಪ್ರೊಫೆನ್ ಇಲಿಗಳಲ್ಲಿ ನೋವಿಗೆ ಸಂಬಂಧಿಸಿದ ಖಿನ್ನತೆಯನ್ನು ಹೋಗಲಾಡಿಸಿತು.” ಓದಲು ಸರಾಗವಾಗಿದೆ. ಆದರೆ ಪ್ರಯೋಗದಲ್ಲಿ ನಡೆದದ್ದೇ ಬೇರೆ.

ಈ ಬಗೆಯ ಕೆಲಸ ಹೆಚ್ಚಾಗಿ ನಡೆದಿರುವುದು ಅಮೆರಿಕದ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ಎಸ್. ಸ್ಟೀವನ್ಸ್ ನೀಗಸ್ ಮತ್ತು ಸಂಗಡಿಗರಿಂದ. ಇಲಿಯ ಮಿದುಳಿನಲ್ಲಿ ಹಿತವೆನಿಸುವ ಜಾಗಕ್ಕೆ ತೆಳ್ಳನೆಯ ತಂತಿ ಇಟ್ಟಿರುತ್ತಾರೆ. ಸನ್ನೆಕೋಲು ಒತ್ತಿದಾಗಲೆಲ್ಲ ಅಲ್ಲಿಗೆ ನಸು ವಿದ್ಯುತ್ ಹರಿಯುತ್ತದೆ. ರುಚಿ ಹತ್ತಿದ ಇಲಿ ಬಿಡದೆ ಒತ್ತುತ್ತಿರುತ್ತದೆ. (ಓಲ್ಡ್ಸ್ ಮತ್ತು ಮಿಲ್ನರ್ 1954ರಲ್ಲಿ ತೋರಿಸಿಕೊಟ್ಟ ವಿಧಾನ ಇದು.) ಈಗ ಅದರ ಹೊಟ್ಟೆಯೊಳಕ್ಕೆ ನೀರು ಬೆರೆಸಿದ ಲ್ಯಾಕ್ಟಿಕ್ ಆಮ್ಲವನ್ನು ಚುಚ್ಚಿದರೆ ನೋವಿನಿಂದ ಎರಡು ಬದಲಾವಣೆ ಕಾಣುತ್ತವೆ. ಹೊಟ್ಟೆ ಒಳಗೆಳೆದುಕೊಂಡು ಮೈ ಸೆಟೆಸುವುದು ಹೆಚ್ಚುತ್ತದೆ, ಸನ್ನೆಕೋಲು ಒತ್ತುವುದು ಇಳಿಯುತ್ತದೆ. ಈ ಇಳಿತಕ್ಕೇ ಅವರು ಡಿಪ್ರೆಶನ್ ಎನ್ನುವುದು. ಗೂಡು ಕಟ್ಟುತ್ತಿದ್ದ ಚಿಕ್ಕಿಲಿ ನೋವು ಬಂದಾಗ ಅರಳೆ ಎಳೆಯುವುದನ್ನು ಬಿಟ್ಟರೆ ಅದೂ ಡಿಪ್ರೆಶನ್ನೇ. ಕಾಯಿಲೆಯ ಹೆಸರು ಇಲ್ಲಿಲ್ಲ, ಒಂದು ಕ್ರಿಯೆ ಎಷ್ಟು ಕಡಿಮೆಯಾಯಿತು ಎಂಬ ಅಳತೆ ಇದೆ.

ಎರಡನ್ನೂ ಅಳೆಯುವುದಕ್ಕೆ ಗಟ್ಟಿ ಕಾರಣವಿದೆ. ಇಲಿಯನ್ನು ಜಡವಾಗಿಸುವ ಯಾವ ಮದ್ದು ಕೊಟ್ಟರೂ ಮೈ ಸೆಟೆಸುವುದು ನಿಲ್ಲುತ್ತದೆ. ನೋವು ಹೋಯಿತೋ, ಅಲುಗಾಡುವ ಶಕ್ತಿಯೇ ಹೋಯಿತೋ ತಿಳಿಯುವುದಿಲ್ಲ. ಸನ್ನೆಕೋಲಿಗೆ ಇಲಿ ಮರಳಿ ಬಂದರೆ ಮಾತ್ರ ನಂಬಬಹುದು. ಕೀಟೋಪ್ರೊಫೆನ್ ಕೊಟ್ಟಾಗ ಸೆಟೆತವೂ ನಿಂತಿತು, ಒತ್ತುವುದೂ ಮರಳಿತು. ಕೆಪ್ಪಾ ಗುಂಪಿನ ಓಪಿಯಾಯ್ಡ್‌ಗಳು (ಅಫೀಮಿನ ಬಗೆಯ ಮದ್ದುಗಳಲ್ಲಿ ಒಂದು ಗುಂಪು) ಸೆಟೆತವನ್ನಷ್ಟೇ ನಿಲ್ಲಿಸಿದವು, ಇಲಿ ಸನ್ನೆಕೋಲಿಗೆ ಮರಳಲಿಲ್ಲ. ಇಷ್ಟು ಅಚ್ಚುಕಟ್ಟಾದ ವ್ಯತ್ಯಾಸವನ್ನು ‘ಖಿನ್ನತೆ’ ಎಂಬ ಒಂದೇ ಪದ ನುಂಗಿಬಿಡುವುದು ನನಗೆ ಸಂಕಟದ ಸಂಗತಿ.

ಗೊಂದಲ ಅಪಾಯಕ್ಕೂ ದಾರಿ. ನೋವಿನ ಮಾತ್ರೆಗಳನ್ನು ಮನೋರೋಗವಾದ ಖಿನ್ನತೆಯ ಮೇಲೆ ಪರೀಕ್ಷಿಸಿದ ಅಧ್ಯಯನಗಳು ಬೇರೆಯೇ ಇವೆ. ಖಿನ್ನತೆಯ ಔಷಧದ ಜೊತೆ ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ ಕೊಟ್ಟ ಕೆಲವು ಕಿರು ಪರೀಕ್ಷೆಗಳಲ್ಲಿ ಸ್ವಲ್ಪ ಗುಣ ಕಂಡಿದೆ. 19,000ಕ್ಕೂ ಹೆಚ್ಚು ಹಿರಿಯರಿಗೆ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ನೋಡಿದ ಆಸ್ಪ್ರೀ ಅಧ್ಯಯನದಲ್ಲಿ ಅದು ಖಿನ್ನತೆಯನ್ನು ತಡೆಯಲಿಲ್ಲ. ಎಸ್ಎಸ್ಆರ್‌ಐ ಗುಂಪಿನ ಖಿನ್ನತೆ ಔಷಧದೊಡನೆ ಐಬುಪ್ರೊಫೆನ್ ಸೇರಿದರೆ ಜಠರದಲ್ಲಿ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಹೀಗಿರುವಾಗ “ನೋವಿನ ಮಾತ್ರೆ ಖಿನ್ನತೆ ಹೋಗಲಾಡಿಸಿತು” ಎಂದು ಓದಿ ಯಾರೋ ತಮ್ಮ ಔಷಧದ ಜೊತೆ ತಾವೇ ಮಾತ್ರೆ ನುಂಗಿದರೆ?

ಕನ್ನಡ ಈ ಇಂಗ್ಲಿಷ್ ಪದವನ್ನು ಬೇರೆಡೆ ಬಿಡಿಸಿಕೊಂಡಿದೆ. ಹವಾಮಾನಕ್ಕೆ ‘ವಾಯುಭಾರ ಕುಸಿತ’, ಅರ್ಥಶಾಸ್ತ್ರಕ್ಕೆ ‘ಆರ್ಥಿಕ ಕುಸಿತ’. ಅದೇ ಜಾಡಿನಲ್ಲಿ ‘ಚಟುವಟಿಕೆ ಕುಸಿತ’ ಎನ್ನಬಹುದು. ಆದರೆ ಕುಸಿತ ಎಂದರೆ ಒಮ್ಮೆಲೇ ಬಿದ್ದಂತೆ ಕೇಳಿಸುತ್ತದೆ, ಇಲ್ಲಿ ಆಮ್ಲದ ಪ್ರಮಾಣಕ್ಕೆ ತಕ್ಕಂತೆ ಇಳಿಯುವ ಅಳತೆ. ‘ಕುಂದು’ ಚೆನ್ನಾಗಿದೆ, ಆದರೆ ಕುಂದುಕೊರತೆಯ ನೆನಪು ಬಿಡುವುದಿಲ್ಲ. ನನ್ನ ಒಲವು ‘ಕುಗ್ಗು’ ಕಡೆಗೆ. ‘ಮನಸ್ಸು ಕುಗ್ಗಿದೆ’ ಎಂದೂ ಹೇಳುತ್ತೇವೆ ನಿಜ, ಆದರೆ ಏನು ಕುಗ್ಗಿತು ಎಂದು ಹೇಳದೆ ಈ ಕ್ರಿಯಾಪದ ನಿಲ್ಲುವುದಿಲ್ಲ. ಆ ಗುಣವೇ ಇಲ್ಲಿ ಬೇಕಾದದ್ದು.

ನೀಗಸ್ ಮತ್ತು ಸಂಗಡಿಗರು ಬಳಸುವ ‘ಪೇನ್ ಸ್ಟಿಮ್ಯುಲೇಟೆಡ್ ಬಿಹೇವಿಯರ್’, ‘ಪೇನ್ ಡಿಪ್ರೆಸ್ಡ್ ಬಿಹೇವಿಯರ್’ ಎಂಬ ಜೋಡಿಪದಗಳಿಗೆ ‘ನೋವು ಕೆರಳಿಸುವ ನಡವಳಿಕೆ’, ‘ನೋವು ಕುಗ್ಗಿಸುವ ನಡವಳಿಕೆ’ ಎಂದು ಮೊದಲು ಹೊಳೆಯುತ್ತದೆ. ನಿಧಾನವಾಗಿ ಓದಿ ನೋಡಿ. ವಿಭಕ್ತಿ ಪ್ರತ್ಯಯವಿಲ್ಲದ ‘ನೋವು’ ಕರ್ತೃವೂ ಆಗಬಹುದು, ಕರ್ಮವೂ ಆಗಬಹುದು. ಎರಡನೆಯದು ನೋವನ್ನೇ ಕಡಿಮೆ ಮಾಡುವ ನಡವಳಿಕೆ ಎಂದು ತಲೆಕೆಳಗಾಗುತ್ತದೆ. ‘ನೋವಿನಿಂದ ಕೆರಳುವ ನಡವಳಿಕೆ’, ‘ನೋವಿನಿಂದ ಕುಗ್ಗುವ ನಡವಳಿಕೆ’ ಎಂದರೆ ಆ ತೊಡಕಿಲ್ಲ. ತುಸು ಉದ್ದವಾದರೂ ನಾನು ಇದನ್ನೇ ಇಟ್ಟುಕೊಳ್ಳುವವನು.

‘ಉರಿಯೂತ’ದ ಬಗ್ಗೆಯೂ ಒಂದು ಮಾತು. ಕೆಂಪು, ಊತ, ಬಿಸಿ, ನೋವು ಎಂಬ ಹಳೆಯ ನಾಲ್ಕು ಲಕ್ಷಣಗಳಲ್ಲಿ ಎರಡನ್ನು ಇದು ಹೆಸರಿನಲ್ಲೇ ಹೊತ್ತಿದೆ. ಮಂಡಿ ನೋವಿಗೆ ಸೊಗಸಾಗಿ ಒಪ್ಪುತ್ತದೆ. ರಕ್ತದಲ್ಲಿ ಸಿಆರ್‌ಪಿ (ಉರಿಯೂತವನ್ನು ಸೂಚಿಸುವ ಒಂದು ಪ್ರೋಟೀನ್) ಮಟ್ಟ ಮಾತ್ರ ಏರಿ, ಹೊರಗೆ ಉರಿಯೂ ಊತವೂ ಇಲ್ಲದವರಿಗೆ ಈ ಪದ ಹೇಳಿದರೆ “ನನಗೆಲ್ಲೂ ಊದಿಲ್ಲವಲ್ಲ” ಎನ್ನುತ್ತಾರೆ. ಆದರೂ ಬೇರೂರಿದ ಪದವನ್ನು ಕೀಳಬಾರದು, ಬಳಸಿದಲ್ಲಿ ಒಂದು ವಾಕ್ಯದ ವಿವರಣೆ ಕೊಟ್ಟರೆ ಸಾಕು.

ಇನ್ನು ಕೇಳಬೇಕಾದದ್ದು ಇಷ್ಟು. ದನಕರುಗಳನ್ನು ನೋಡುವವರು “ಮಂಕಾಗಿದೆ, ಮೇವು ಬಿಟ್ಟಿದೆ” ಎನ್ನುತ್ತಾರಲ್ಲ, ಆ ‘ಮಂಕು’ ಈ ಅರ್ಥಕ್ಕೆ ಹತ್ತಿರವಿದೆ. ಅದು ಅಳತೆಯ ಮಾತಾಗಿ ನಿಂತೀತೇ, ಅಥವಾ ಮನುಷ್ಯರ ವಿಷಯಕ್ಕೆ ಬಂದಾಗ ಮತ್ತೆ ಮನಸ್ಸಿನ ಕಡೆಗೇ ಎಳೆಯುತ್ತದೆಯೇ? ಪಶುವೈದ್ಯರೋ ಔಷಧಶಾಸ್ತ್ರ ಓದಿದವರೋ ಬೇರೆ ಪದ ಬಳಸುತ್ತಿದ್ದರೆ, ಬರೀ ಪದ ಕೊಡದೆ ಅದು ಬಂದ ವಾಕ್ಯವನ್ನೂ ಬರೆದು ತಿಳಿಸಿ.