ಬಳ್ಳಾರಿ ಬಿಸಿಲು ಸಾಲದಾದಾಗ: ಸಯಾನೊಟೈಪ್‌ಗೆ ಯಾವ ದೀಪ?

ಕೇಳಿದವರು, ಬಳ್ಳಾರಿ: ಸಯಾನೊಟೈಪ್ ಚಿತ್ರಗಳನ್ನು (ಕಬ್ಬಿಣದ ಲವಣ ಲೇಪಿಸಿದ ಕಾಗದದ ಮೇಲೆ ನೆಗೆಟಿವ್ ಇಟ್ಟು, ಬೆಳಕು ಕೊಟ್ಟು, ತೊಳೆದು ಪಡೆಯುವ ನೀಲಿ ಚಿತ್ರಗಳು) ಮಾಳಿಗೆಯ ಬಿಸಿಲಿನಲ್ಲಿ ಮುದ್ರಿಸುತ್ತೇನೆ. ಮೋಡ ಅಡ್ಡ ಬಂದರೆ ಲೆಕ್ಕವೆಲ್ಲ ತಪ್ಪುತ್ತದೆ. ರಾತ್ರಿಯೂ ಕೆಲಸ ಮಾಡಲು ನೇರಳಾತೀತ ದೀಪದ ಪೆಟ್ಟಿಗೆ ಮಾಡಿಸಬೇಕೆಂದಿದ್ದೇನೆ. ಎ4 ಅಳತೆ ಸಾಕು. ಟ್ಯೂಬ್ ಒಳ್ಳೆಯದೋ, ಎಲ್‌ಇಡಿಯೋ?

ರಾಯಚೂರಿನಿಂದ: ನನ್ನ ಓಟು ಟ್ಯೂಬಿಗೆ. ಮಿಠಾಯಿ ಅಂಗಡಿಗಳಲ್ಲಿ ನೊಣ ಹಿಡಿಯಲು ತೂಗುಹಾಕಿರುತ್ತಾರಲ್ಲ, ಆ ಯಂತ್ರದೊಳಗಿನ ನೀಲಿ ಟ್ಯೂಬೇ ಸಾಕು. ಅದರ ಬೆಳಕು 365 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನದು, ಸಯಾನೊಟೈಪಿನ ಕಬ್ಬಿಣದ ಲವಣಕ್ಕೆ ಹೇಳಿ ಮಾಡಿಸಿದ್ದು. ಮುಂದೆ ವ್ಯಾನ್‌ಡೈಕ್, ಪ್ಲಾಟಿನಂ ಎಂದು ಇಂಥದೇ ಬೇರೆ ಮುದ್ರಣ ವಿಧಾನಗಳಿಗೆ ಹೊರಟರೂ ಬದಲಿಸಬೇಕಾಗಿಲ್ಲ. ಕಪ್ಪು ಗಾಜಿನ ಟ್ಯೂಬಿಗೆ ಹೆಚ್ಚು ದುಡ್ಡು ಸುರಿಯಬೇಡಿ. ಆ ಕಪ್ಪು ಇರುವುದು ಕಣ್ಣಿಗೆ ಕಾಣುವ ಬೆಳಕನ್ನು ತಡೆಯಲು. ಆರ್ಕೆಸ್ಟ್ರಾ ವೇದಿಕೆಗೆ ಅದು ಚಂದ, ಕಾಗದಕ್ಕೆ ಅದರಿಂದ ಏನೂ ಲಾಭವಿಲ್ಲ.

ಟ್ಯೂಬುಗಳ ನಡುವಿನ ಸಂದು ಒಂದು ಟ್ಯೂಬಿನ ದಪ್ಪಕ್ಕಿಂತ ಹೆಚ್ಚಾಗದಿರಲಿ. ಕಾಗದ ನಾಲ್ಕೈದು ಇಂಚು ಕೆಳಗಿರಲಿ. ಪೆಟ್ಟಿಗೆ ಸಿದ್ಧವಾದ ಮೇಲೆ ನೆಗೆಟಿವ್ ಇಡದೆ ಬರೀ ಲೇಪಿಸಿದ ಕಾಗದಕ್ಕೆ ಅರೆಬರೆ ಬೆಳಕು ಕೊಟ್ಟು ತೊಳೆದು ನೋಡಿ. ನಡುವೆ ಗಾಢವಾಗಿ, ಅಂಚಿನಲ್ಲಿ ಮಾಸಲಾಗಿ ನೀಲಿ ಬಂದರೆ, ಇಲ್ಲವೇ ಪಟ್ಟೆ ಬಿದ್ದರೆ, ಜೋಡಣೆ ಸರಿಯಿಲ್ಲ ಎಂದೇ ಅರ್ಥ. ಇನ್ನೊಂದು ಮಾತು: ಸೂರ್ಯನ ಬೆಳಕು ಒಂದೇ ದಿಕ್ಕಿನಿಂದ ಬರುತ್ತದೆ, ಟ್ಯೂಬಿನದು ಎಲ್ಲ ಕಡೆಯಿಂದಲೂ ನುಸುಳುತ್ತದೆ. ನೆಗೆಟಿವ್ ಕಾಗದಕ್ಕೆ ಬಿಗಿಯಾಗಿ ಅಂಟಿಕೊಂಡಿರದಿದ್ದರೆ ಗೆರೆಗಳು ಮಸುಕಾಗುತ್ತವೆ.

ಕೊಪ್ಪಳದಿಂದ: ರಾಯಚೂರಿನವರು ಎಲ್‌ಇಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ! ಕರೆಂಟು ಹೋದಾಗ 12 ವೋಲ್ಟ್ ಪಟ್ಟಿ ಬ್ಯಾಟರಿಯಿಂದಲೇ ಉರಿಯುತ್ತದೆ, ಹೊತ್ತಿಸಿದ ಕ್ಷಣದಿಂದಲೇ ಪೂರ್ತಿ ಬೆಳಕು. ಟ್ಯೂಬಾದರೆ ಕೆಲವು ನಿಮಿಷ ಬಿಸಿಯಾಗಬೇಕು. ಆದರೆ ಅಗ್ಗದ ಪಟ್ಟಿಗಳು 395ರಿಂದ 405 ನ್ಯಾನೊಮೀಟರಿನವು. ಸಯಾನೊಟೈಪ್ ಆಗುತ್ತದೆ, ನಿಧಾನವಾಗಿ. 365ರದು ಬೇಕೆಂದರೆ ಬೆಲೆ ಏರುತ್ತದೆ. ಬರೀ ‘ಯುವಿ’ ಎಂದು ಬರೆದು ಸಂಖ್ಯೆ ಕೊಡದ ಮಾಲನ್ನು ಕೊಳ್ಳಲೇಬೇಡಿ. ದೀಪ ಬದಲಿಸಿದರೆ ಚಿತ್ರದ ಕಾಂಟ್ರಾಸ್ಟೂ ಬದಲಾಗಬಹುದು. ಆನೆಗೊಂದಿಯ ಬಂಡೆಗಳ ನೆಗೆಟಿವ್ ಬಿಸಿಲಿಗೆ ಸರಿಹೊಂದಿದೆ ಎಂದ ಮಾತ್ರಕ್ಕೆ ಎಲ್‌ಇಡಿಗೂ ಹೊಂದುತ್ತದೆ ಎನ್ನಲಾಗದು.

ಬಳ್ಳಾರಿಯಿಂದ ಮತ್ತೊಬ್ಬರು: ಸರ್, ದುಡ್ಡು ಹಾಕುವ ಮುಂಚೆ ನಮ್ಮೂರಿನ ಯಾವುದಾದರೂ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಹೋಗಿ ಬನ್ನಿ. ಲಗ್ನಪತ್ರಿಕೆ, ಬಟ್ಟೆ ಮುದ್ರಿಸುವವರ ಬಳಿ ಸ್ಕ್ರೀನಿಗೆ ಬೆಳಕು ಕೊಡುವ ಪೆಟ್ಟಿಗೆ ಇದ್ದರೆ ಅದರಲ್ಲಿ ನಿಮ್ಮದೊಂದು ಕಾಗದ ಇಟ್ಟು ನೋಡಿ. ಅವರ ರಾಸಾಯನಿಕಕ್ಕೂ ಹೆಚ್ಚುಕಡಿಮೆ ಇದೇ ಬೆಳಕು ಬೇಕು.

ನೀರು ಶುದ್ಧೀಕರಿಸುವ ಯಂತ್ರದ ನೇರಳಾತೀತ ಟ್ಯೂಬನ್ನು ಮಾತ್ರ ಮುಟ್ಟಬೇಡಿ. ಅದು 254 ನ್ಯಾನೊಮೀಟರಿನದು, ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ. ಮೇಲಾಗಿ ನೆಗೆಟಿವನ್ನು ಕಾಗದಕ್ಕೆ ಒತ್ತಿ ಹಿಡಿಯುವ ಫ್ರೇಮಿನ ಗಾಜನ್ನು ಅದು ದಾಟುವುದೂ ಇಲ್ಲ. ಗಾಜು ಸಾದಾ ಇರಲಿ. ನಡುವೆ ಪ್ಲಾಸ್ಟಿಕ್ ಪದರವಿರುವ ಗಾಜು ನಮಗೆ ಬೇಕಾದ ಬೆಳಕಿನಲ್ಲೂ ಬಹುಪಾಲನ್ನು ನುಂಗುತ್ತದೆ. ಪ್ರತಿ ಸಲವೂ ಗಾಜಿನ ಎರಡೂ ಬದಿ ಒರೆಸಿ. ಈ ಕೆಂಧೂಳಿನ ಊರಿನಲ್ಲಿ ಒಂದು ಕಣ ಉಳಿದರೂ ನೀಲಿಯ ಮೇಲೆ ಬಿಳಿ ಚುಕ್ಕೆ ಗ್ಯಾರಂಟಿ.