ಟ್ರೈಲರ್‌ದು ಒಂದೇ ಚಕ್ರ ಕಾದು ಹೊಗೆ ಬರ್ತಿದೆ, ಬೇರಿಂಗೋ ಬ್ರೇಕೋ?

ಎರಡಾಕ್ಸಲ್:
ನಮಸ್ಕಾರ ಎಲ್ರಿಗೂ. ನಂದು ಎರಡು ಆಕ್ಸಲ್ ಟ್ರೈಲರ್, ಏರ್ ಬ್ರೇಕು, ನಾಲ್ಕೂ ಕಡೆ ಡ್ರಮ್ಮು. ಹೋದ ತಿಂಗಳು ಎಲ್ಲದಕ್ಕೂ ಹೊಸ ಲೈನರ್ (ಡ್ರಮ್ಮಿಗೆ ಒತ್ತಿ ಉಜ್ಜೋ ಬ್ರೇಕ್ ಪಟ್ಟಿ) ಹಾಕ್ಸಿದೆ, ಅವತ್ತಿಂದ ಹಿಂದಿನ ಆಕ್ಸಲ್ ಎಡಗಡೆ ಚಕ್ರ ಕಾಯೋಕೆ ಶುರುವಾಗಿದೆ, ಒಂದು 40 ಕಿಲೋಮೀಟರ್ ಓಡಿಸಿ ನಿಲ್ಸಿದ್ರೆ ಸಾಕು ಹತ್ರ ಕೈ ತಗೊಂಡೋಗಕ್ಕಾಗಲ್ಲ, ಲೈನರ್ ಸುಟ್ಟ ವಾಸನೆ ಮೂಗಿಗೆ ಹೊಡಿಯುತ್ತೆ. ನಿನ್ನೆ ಹೊಗೆನೂ ಬಂತು, ಗಾಬರಿಯಾಗಿ ಒಂದು ಬಕೆಟ್ ನೀರು ಎರಚಿಬಿಟ್ಟೆ. ಬೇರಿಂಗ್ ಇರಬೇಕು ಅಂತ ಬಿಚ್ಚಿ ತೊಳೆದು ಹೊಸ ಗ್ರೀಸ್ ಹಾಕಿ ಕೂರ್ಸಿದ್ದೂ ಆಯ್ತು, ಏನೂ ವ್ಯತ್ಯಾಸ ಇಲ್ಲ. ಉಳಿದ ಮೂರು ಪರವಾಗಿಲ್ಲ, ಮುಂದಿನ ಆಕ್ಸಲ್ ಬಲಗಡೆದಂತೂ ತಣ್ಣಗೇ ಇರುತ್ತೆ. ಆ ಕಾಯೋ ಚಕ್ರದ ಸ್ಲ್ಯಾಕ್ ಅಡ್ಜಸ್ಟರ್ (ಲೈನರ್‌ಗೂ ಡ್ರಮ್ಮಿಗೂ ನಡುವಿನ ಗ್ಯಾಪ್ ಸೆಟ್ ಮಾಡೋ ಲಿವರ್) ಸ್ವಲ್ಪ ಲೂಸ್ ಮಾಡಿದ್ರೆ ಸರಿಹೋಗುತ್ತಾ? ಗೊತ್ತಿರೋರು ಹೇಳಿ.

ರಾತ್ರಿಪಾಳಿ:
ಅಣ್ಣ, ಕಾದ ಡ್ರಮ್ಮಿಗೆ ನೀರು ಮಾತ್ರ ಹಾಕ್ಬೇಡಿ. ಎರಕದ ಕಬ್ಬಿಣ ಅದು, ಒಂದೇ ಸಲ ತಣ್ಣಗಾದ್ರೆ ಬಿರುಕು ಬಿಡುತ್ತೆ. ಸಮತಟ್ಟಾದ ಕಡೆ ನಿಲ್ಸಿ, ಚಕ್ರಕ್ಕೆ ಕಲ್ಲು ಕೊಟ್ಟು, ತಾನಾಗೇ ಆರೋಕೆ ಬಿಡಿ. ಬೆಂಕಿನೇ ಹತ್ತಿದ್ರೆ ಬೇರೆ ಮಾತು, ಆಗ ಆರಿಸೋದೇ ಮೊದಲು.

ಗ್ರೀಸ್‌ಕೈ:
ಸ್ಲ್ಯಾಕ್ ಲೂಸ್ ಮಾಡಕ್ಕೆ ಹೋಗ್ಬೇಡಿ, ದಯವಿಟ್ಟು. ಅದ್ರಿಂದ ಬಿಸಿ ಕಮ್ಮಿ ಆಗ್ಬಹುದು, ಆದ್ರೆ ಒಂದು ಬ್ರೇಕೇ ಹೋದಂಗೆ, ಇಳಿಜಾರಲ್ಲಿ ಭಾರ ಹೊತ್ಕೊಂಡು ಬರುವಾಗ ಗೊತ್ತಾಗುತ್ತೆ ಅದರ ಬೆಲೆ.

ಮೊದಲು ಬಿಸಿ ಎಲ್ಲಿಂದ ಹುಟ್ತಿದೆ ನೋಡಿ. ದೂರದಿಂದ ಹಿಡಿಯೋ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ರೆ ಹಬ್ ಕ್ಯಾಪ್ ಮೇಲೊಂದು, ಡ್ರಮ್ ಮೇಲೊಂದು ರೀಡಿಂಗ್ ತಗೊಳ್ಳಿ. ನಡುವಿನ ಹಬ್ಬೇ ಜಾಸ್ತಿ ಕಾದಿದ್ರೆ ಬೇರಿಂಗು, ನಟ್ ಜಾಸ್ತಿ ಬಿಗಿ ಮಾಡಿದ್ರೂ ಹಂಗಾಗುತ್ತೆ, ಹಬ್ ತುಂಬ ಗ್ರೀಸ್ ತುರುಕಿದ್ರೂ ಆಗುತ್ತೆ. ಡ್ರಮ್ಮೇ ಜಾಸ್ತಿ ಅಂದ್ರೆ ಬ್ರೇಕು. ನಿಮ್ದು ಲೈನರ್ ವಾಸನೆ ಬರ್ತಿದೆ ಅಂದ್ಮೇಲೆ ನಂಗೆ ಬ್ರೇಕ್ ಮೇಲೇ ಅನುಮಾನ.

ಆಮೇಲೆ ಉಳಿದ ಚಕ್ರಗಳಿಗೆ ಗಟ್ಟಿಯಾಗಿ ಅಡ್ಡ ಕೊಟ್ಟು, ಏರ್ ಫುಲ್ ತುಂಬ್ಸಿ ಪಾರ್ಕಿಂಗ್ ಬ್ರೇಕ್ ಬಿಟ್ಟು, ಆ ಚಕ್ರ ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗ್ಸಿ. ಏರ್ ತುಂಬದೇ ನೋಡಿದ್ರೆ ಒಳಗಿನ ಸ್ಪ್ರಿಂಗೇ ಬ್ರೇಕ್ ಹಿಡ್ಕೊಂಡಿರುತ್ತೆ, ಸುಮ್ನೆ ದಾರಿ ತಪ್ಪುತ್ತೆ. ತಣ್ಣಗಿರುವಾಗ ಒಂದ್ಸಲ ತಿರುಗ್ಸಿ, ಇನ್ನೊಬ್ರಿಗೆ ನಾಲ್ಕೈದು ಸಲ ಬ್ರೇಕ್ ತುಳಿದು ಬಿಡೋಕೆ ಹೇಳಿ ಮತ್ತೆ ತಿರುಗ್ಸಿ.

ಎರಡಾಕ್ಸಲ್:
ಮಾಡ್ದೆ ಅಣ್ಣ. ತಣ್ಣಗಿದ್ದಾಗ ಆರಾಮಾಗಿ ತಿರುಗ್ತು, ಬ್ರೇಕ್ ತುಳಿದು ಬಿಟ್ಟ ಮೇಲೆ ಬಿಗಿ, ಎರಡೂ ಕೈಯಲ್ಲಿ ಎಳೀಬೇಕು. ಒಂದೆರಡು ನಿಮಿಷ ಬಿಟ್ಟು ನೋಡಿದ್ರೆ ಮತ್ತೆ ಲೂಸ್ ಆಗಿತ್ತು.

ಗ್ರೀಸ್‌ಕೈ:
ಹಂಗಾದ್ರೆ ಬ್ರೇಕ್ ವಾಪಸ್ ಬರ್ತಿಲ್ಲ. ಗಾಳಿ ಒಳಗೇ ನಿಂತಿದ್ಯಾ, ಇಲ್ಲ ಕಬ್ಬಿಣ ಸಿಕ್ಕಾಕೊಂಡಿದ್ಯಾ ಅನ್ನೋದು ಈಗಿನ ಪ್ರಶ್ನೆ. ಬ್ರೇಕ್ ತುಳಿದು ಕಾಲು ಪೂರ್ತಿ ತೆಗೆಸಿ, ಚಕ್ರ ಬಿಗಿ ಇರುವಾಗ್ಲೇ ಚೇಂಬರ್‌ಗೆ, ಅಂದ್ರೆ ಗಾಳಿ ತುಂಬಿ ಬ್ರೇಕ್ ತಳ್ಳೋ ಡಬ್ಬಿಗೆ, ಕಾಲು ಬ್ರೇಕಿನ ಗಾಳಿ ತರೋ ಸರ್ವಿಸ್ ಪೈಪಿನ ನಟ್ ನಿಧಾನಕ್ಕೆ ಸಡಿಲ ಮಾಡಿ. ಬುಸ್ ಅಂತ ಗಾಳಿ ಬಂದು ಚಕ್ರ ಬಿಟ್ಕೊಂಡ್ರೆ ರಿಲೇ ವಾಲ್ವೋ ಪೈಪೋ ಗಾಳಿ ಹೊರಗೆ ಬಿಡ್ತಿಲ್ಲ. ಗಾಳಿ ಬರ್ಲಿಲ್ಲ ಅಂದ್ರೆ ಲೈನರ್ ಕೂತಿರೋ ಶೂಗಳನ್ನ ಅಗಲಿಸೋ ಎಸ್ ಕ್ಯಾಮ್ ಶಾಫ್ಟಿನ ಬುಷ್, ಶೂ ವಾಪಸ್ ಎಳೆಯೋ ರಿಟರ್ನ್ ಸ್ಪ್ರಿಂಗ್ ನೋಡ್ಬೇಕು. ಸ್ಪ್ರಿಂಗ್ ಬ್ರೇಕ್ ಇರೋ ಹಿಂಬದಿ ಚೇಂಬರ್‌ನ ಕ್ಲ್ಯಾಂಪ್ ಮಾತ್ರ ಬಿಚ್ಚಲೇಬೇಡಿ, ಒಳಗಿರೋ ಸ್ಪ್ರಿಂಗ್ ಸಿಡಿದ್ರೆ ಪ್ರಾಣಕ್ಕೇ ಅಪಾಯ.

ಇಳಿಜಾರು:
ನಡುವೆ ಬಾಯಿ ಹಾಕ್ತೀನಿ, ಯಾರೂ ಆ ತಣ್ಣಗಿರೋ ಚಕ್ರದ ಬಗ್ಗೆ ಕೇಳ್ಲೇ ಇಲ್ಲ. ನಂಗೂ ಹಿಂಗೇ ಆಗಿತ್ತು, ಕಾಯೋ ಚಕ್ರದ ಹಿಂದೆ ಬಿದ್ದು ಒಂದು ವಾರ ಕಳೆದೆ, ಆದ್ರೆ ಕೆಟ್ಟಿದ್ದು ಕಾಯದೇ ಇದ್ದ ಚಕ್ರ. ಬ್ರೇಕ್ ಹಿಡಿದ್ರೆ ಬಿಸಿ ಆಗಲೇಬೇಕು, ತಣ್ಣಗಿದೆ ಅಂದ್ರೆ ಅದು ಕೆಲಸಾನೇ ಮಾಡ್ತಿಲ್ಲ, ಅದರ ಪಾಲಿನ ಭಾರ ಉಳಿದ ಮೂರ್ರ ಮೇಲೆ ಬೀಳುತ್ತೆ. ಇನ್ನೊಬ್ರ ಕೈಲಿ ಬ್ರೇಕ್ ಗಟ್ಟಿಯಾಗಿ ತುಳಿಸಿ ಚೇಂಬರ್‌ನ ಪುಷ್ ರಾಡ್ ಎಷ್ಟು ಹೊರಗೆ ಬರುತ್ತೆ ಅಳೀರಿ. ಟೈಪ್ 30 ಸೈಜಿನ ಮಾಮೂಲಿ ಚೇಂಬರ್ ಆದ್ರೆ 2 ಇಂಚು ದಾಟಬಾರ್ದು.

ಎರಡಾಕ್ಸಲ್:
ಎಲ್ಲರ ಮಾತೂ ಸರಿಯಾಯ್ತು. ಎಡಗಡೆ ಚಕ್ರದಲ್ಲಿ ಗಾಳಿ ಬರ್ಲಿಲ್ಲ, ಡ್ರಮ್ ತೆಗೆದು ನೋಡಿದ್ರೆ ಎಸ್ ಕ್ಯಾಮ್ ಬುಷ್ ಒಣಗಿ ತುಕ್ಕು ಹಿಡಿದಿತ್ತು. ಅದಕ್ಕೆ ಗ್ರೀಸ್ ಹಾಕೋ ನಿಪ್ಪಲ್ ಬಾಯಲ್ಲಿ ಪೇಂಟ್ ಗಟ್ಟಿಯಾಗಿ ಕೂತಿತ್ತು, ನಾನು ಪಂಪ್ ಮಾಡಿದ ಗ್ರೀಸೆಲ್ಲ ಪಕ್ಕಕ್ಕೇ ಜಾರಿ ಹೋಗಿದೆ, ಒಳಗೆ ಒಂದು ಚೂರೂ ಹೋಗಿಲ್ಲ. ಬುಷ್ಷು, ನಿಪ್ಪಲ್ಲು, ರಿಟರ್ನ್ ಸ್ಪ್ರಿಂಗು ಮೂರೂ ಹೊಸದು ಹಾಕ್ದೆ. ಮುಂದಿನ ಬಲಗಡೆ ರಾಡ್ ಎರಡೂವರೆ ಇಂಚು ಹೊರಗೆ ಬರ್ತಿತ್ತು, ಲೈನರ್ ಹಾಕಿದೋರು ಅದೊಂದನ್ನ ಅಡ್ಜಸ್ಟ್ ಮಾಡೋದೇ ಮರೆತಿದ್ದಾರೆ, ಅದನ್ನೂ ಸರಿಮಾಡಿ ನಾಲ್ಕೂ ಅಳೆದೆ.

ರಾತ್ರಿಪಾಳಿ ಅಣ್ಣ, ಡ್ರಮ್ಮಲ್ಲಿ ಒಂದು ಬಿರುಕು ಅಂಚಿನ ತನಕ ಓಡಿದೆ, ಉಗುರು ಸಿಕ್ಕಾಕೊಳ್ಳೋಷ್ಟು.

ರಾತ್ರಿಪಾಳಿ:
ಒಳಗೆ ಕೂದಲೆಳೆ ಗೆರೆ ಇದ್ರೆ ಪರವಾಗಿಲ್ಲ ಅಂತಿದ್ದೆ. ಅಂಚಿಗೆ ಬಂದಿದ್ರೆ ಬೇರೆ ಡ್ರಮ್ ಹಾಕೋ ತನಕ ಗಾಡಿ ತೆಗೀಬೇಡಿ.