ಆಸ್ಪತ್ರೆಯ ಪಟ್ಟಿಯಲ್ಲಿ ಲೈನ್‌ಮನೆಯವರೇ ಹೆಚ್ಚಿದ್ದರೆ, ಅಲ್ಲಿ ಮನೋರೋಗ ಹೆಚ್ಚು ಎಂದು ಬರೆಯಬಹುದೇ?

ಪ್ರಶ್ನೆ: ಗೋಣಿಕೊಪ್ಪದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಸಮಾಜಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ದಕ್ಷಿಣ ಕೊಡಗಿನಲ್ಲಿ ಕಸುಬು, ವಾಸದ ನೆಲೆ ಮತ್ತು ಮಾನಸಿಕ ಕಾಯಿಲೆಗಳ ನಡುವಿನ ಸಂಬಂಧವನ್ನು ಕುರಿತು ಕಿರುಪ್ರಬಂಧವೊಂದನ್ನು ಬರೆಯುತ್ತಿದ್ದೇನೆ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಮಂಗಳವಾರಗಳಂದು ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಚಿಕಿತ್ಸಾಲಯಕ್ಕೆ ಒಂದು ವರ್ಷದಲ್ಲಿ ಬಂದವರ ವಿವರವನ್ನು ಅನುಮತಿ ಪಡೆದು ನೋಡಿದ್ದೇನೆ. ಹೆಸರುಗಳನ್ನು ಬಿಟ್ಟು ವಯಸ್ಸು, ಲಿಂಗ, ಊರು, ಕಸುಬು ಇಷ್ಟನ್ನು ಮಾತ್ರ ಬರೆದುಕೊಂಡಿದ್ದೇನೆ. ಆ ಪಟ್ಟಿಯಲ್ಲಿ ಲೈನ್‌ಮನೆಗಳ (ಕಾಫಿ ತೋಟಗಳಲ್ಲಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಮನೆಗಳ) ಕೂಲಿಕಾರ್ಮಿಕರೇ ಹೆಚ್ಚಿನವರು. ತೋಟದ ಮಾಲೀಕರ ಕುಟುಂಬದವರು ಬೆರಳೆಣಿಕೆಯಷ್ಟು, ಹಾಡಿಗಳಿಂದ (ಕಾಡಂಚಿನ ಬುಡಕಟ್ಟು ವಸತಿಗಳಿಂದ) ಬಂದವರು ಅದಕ್ಕಿಂತಲೂ ಕಡಿಮೆ.

ಬಡತನವೇ ಮನೋರೋಗಕ್ಕೆ ಕಾರಣವೆಂಬ ತೀರ್ಮಾನಕ್ಕೆ ಇಷ್ಟು ಸಾಕು ಎಂದು ನನ್ನ ಸಹಪಾಠಿಗಳು ಹೇಳುತ್ತಾರೆ. ನನಗೇಕೋ ಅಳುಕು. ಬಡತನವೇ ಕಾರಣವಾದರೆ ಹಾಡಿಗಳವರ ಸಂಖ್ಯೆ ಎಲ್ಲರಿಗಿಂತ ಹೆಚ್ಚಿರಬೇಕಿತ್ತಲ್ಲವೇ? ಕಾಯಿಲೆ ಬಿದ್ದವರು ದುಡಿಮೆ ಕಳೆದುಕೊಂಡು ಬಡವರಾಗಿರಲೂಬಹುದಲ್ಲವೇ? ಇವೆರಡನ್ನೂ ಸಂಶೋಧಕರು ಬೇರ್ಪಡಿಸಿ ನೋಡುವುದು ಹೇಗೆಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಸಮುದಾಯ ವೈದ್ಯಶಾಸ್ತ್ರದ ಅಧ್ಯಾಪಕ, ಮಡಿಕೇರಿ

ನಿಮ್ಮ ಅಳುಕು ಸರಿಯಾಗಿಯೇ ಇದೆ. ನೀವು ಎಣಿಸಿರುವುದು ಕಾಯಿಲೆ ಇರುವವರನ್ನಲ್ಲ, ಕಾಯಿಲೆ ಇದ್ದು ಮಂಗಳವಾರದ ದಿನ ಆ ಬಾಗಿಲಿಗೆ ಬರಲು ಸಾಧ್ಯವಾದವರನ್ನು. ಈ ಎರಡು ಸಂಖ್ಯೆಗಳ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದಕ್ಕೆ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನೋಡಬಹುದು. 12 ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ಕೇಳಿದ ಆ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಅಸ್ವಸ್ಥತೆ ಇರುವುದು ಕಂಡುಬಂದಿತು. ಆದರೆ ಕಾಯಿಲೆಯ ಬಗೆಗೆ ಅನುಗುಣವಾಗಿ ಅವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹತ್ತರಲ್ಲಿ ಏಳೆಂಟು ಮಂದಿ ಪಟ್ಟಿಯ ಹೊರಗೇ ಉಳಿಯುವಾಗ, ಒಳಗೆ ಬಂದ ಇಬ್ಬರು ಮೂವರ ಕಸುಬನ್ನು ನೋಡಿ ಇಡೀ ಊರಿನ ಚಿತ್ರ ಬರೆಯಲಾಗದು. (ನಮ್ಮ ರಾಜ್ಯ ಆ 12ರಲ್ಲಿ ಇರಲಿಲ್ಲ, ಕೋಲಾರದಲ್ಲಿ ಪೂರ್ವಭಾವಿ ಅಧ್ಯಯನ ಮಾತ್ರ ನಡೆದಿತ್ತು. ಆದ್ದರಿಂದ ಆ ಅಂಕಿಗಳನ್ನು ನೇರವಾಗಿ ಕೊಡಗಿನದೆಂದು ಬರೆಯಬೇಡಿ.)

ಈಗ ನಿಮ್ಮ ಪಟ್ಟಿಗೆ ಬರೋಣ. ಮಾಲೀಕರ ಕುಟುಂಬದವರು ಇಂಥ ಕಾಯಿಲೆಗೆ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು ಅಪರೂಪ. ಅವರು ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿಗೋ ಹೋಗುತ್ತಾರೆ, ಕೆಲವೊಮ್ಮೆ ಸಂಬಂಧಿಕರಿಗೂ ತಿಳಿಯದಂತೆ. ಅವರ ಕಾಯಿಲೆ ಬೇರೆ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತದೆ. ಹಾಡಿಯವರ ವಿಷಯದಲ್ಲಿ ತೊಡಕು ದಾರಿಯದು: ಬಸ್ಸು ಸಿಗುವಲ್ಲಿಗೆ ಕಾಡಂಚಿನಲ್ಲಿ ನಡೆದು ಬರಬೇಕು, ಆನೆಯ ಭಯದಿಂದ ಸಂಜೆಯೊಳಗೆ ಮರಳಬೇಕು, ದಿನದ ಕೂಲಿಯೂ ಹೋಗುತ್ತದೆ. ಲೈನ್‌ಮನೆಯವರಲ್ಲೂ ಬಂದವರು ಯಾರು ಎಂದು ಸೂಕ್ಷ್ಮವಾಗಿ ನೋಡಿ. ತೋಟಕ್ಕೆ ರಜೆ ಇರುವುದು ಸಂತೆಯ ದಿನ, ಚಿಕಿತ್ಸಾಲಯ ಇರುವುದು ಮಂಗಳವಾರ. ಕೂಲಿ ಬಿಟ್ಟು ಬಂದವರೆಂದರೆ ಒಂದೋ ಕಾಯಿಲೆ ಬಹಳ ಬಲಿತವರು, ಇಲ್ಲವೇ ಆಶಾ ಕಾರ್ಯಕರ್ತೆ ಬೆನ್ನು ಹತ್ತಿ ಕರೆತಂದವರು. ಚುರುಕಾದ ಒಬ್ಬ ಆಶಾ ಕಾರ್ಯಕರ್ತೆಯ ವ್ಯಾಪ್ತಿಯಲ್ಲಿ ಕಾಯಿಲೆ ಹೆಚ್ಚಿರುವಂತೆ ಕಾಣುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನೊಂದು ಮಾತು ಛೇದದ ಬಗ್ಗೆ. ದರ ಎಂದರೆ ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ. ನಿಮ್ಮ ಬಳಿ ಮೇಲಿನದು ಮಾತ್ರ ಇದೆ. ಲೈನ್‌ಮನೆಗಳಲ್ಲಿ ಒಟ್ಟು ಎಷ್ಟು ಜನರಿದ್ದಾರೆ? 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 5,54,519. ಆದರೆ ಆ ಲೆಕ್ಕಕ್ಕೆ ಈಗ ವಯಸ್ಸಾಗಿದೆ, ಮೇಲಾಗಿ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅಸ್ಸಾಮಿನಿಂದಲೂ ಬೇರೆಡೆಗಳಿಂದಲೂ ಬಂದು, ಕೊಯ್ಲು ಮುಗಿದೊಡನೆ ಹೊರಡುವವರನ್ನು ಅದು ಹಿಡಿಯಲಾರದು. ಡಿಸೆಂಬರಿನಿಂದ ಮಾರ್ಚಿಯವರೆಗೆ ತುಂಬಿರುವ ಲೈನು ಜುಲೈ ಮಳೆಯಲ್ಲಿ ಅರ್ಧ ಖಾಲಿ. ಮೂರು ತಿಂಗಳು ಇದ್ದವರನ್ನೂ ಹನ್ನೆರಡು ತಿಂಗಳು ಇದ್ದವರನ್ನೂ ಒಂದೇ ತಲೆಯೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಇದ್ದಷ್ಟು ತಿಂಗಳುಗಳನ್ನು ಕೂಡಿ ಅದರಿಂದ ಭಾಗಿಸಬೇಕು. ಆ ವಿವರ ಸಿಗುವುದು ತೋಟದ ರೈಟರ (ಲೆಕ್ಕ ಬರೆಯುವವರ) ಬಳಿ ಇರುವ ಚೆಕ್‌ರೋಲಿನಲ್ಲಿ, ಎಂದರೆ ಹಾಜರಿ ಪುಸ್ತಕದಲ್ಲಿ.

ಪಂಚಾಯಿತಿ ಪಂಚಾಯಿತಿಗಳನ್ನು ಹೋಲಿಸುವ ಆಸೆ ಬೇಡ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ತೀವ್ರ ಸ್ವರೂಪದ ಚಿತ್ತವಿಕಲತೆ ಆ ಹೊತ್ತಿಗೆ ಇದ್ದವರು ಸುಮಾರು ಶೇ. 0.4. ಅದೇ ದರವೆಂದು ಊಹಿಸಿಕೊಂಡರೂ 3,000 ವಯಸ್ಕರಿರುವ ಪಂಚಾಯಿತಿಯಲ್ಲಿ 12 ಮಂದಿ. ಪಕ್ಕದಲ್ಲಿ 7, ಅದರಾಚೆ 17 ಬಂದರೂ ಅದು ಬರಿಯ ಆಕಸ್ಮಿಕವಾಗಿರಬಹುದು.

ಉತ್ತರ: ನಿವೃತ್ತ ಉಪನ್ಯಾಸಕ, ವಿರಾಜಪೇಟೆ

ಡಾಕ್ಟರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ನಿಮ್ಮ ಎರಡನೆಯ ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುತ್ತೇನೆ, ಏಕೆಂದರೆ ಈ ವಿದ್ಯೆಯ ಹಳೆಯ ಜಗಳ ಅದೇ.

1939ರಲ್ಲಿ ಫ್ಯಾರಿಸ್ ಮತ್ತು ಡನ್‌ಹ್ಯಾಮ್ ಎಂಬ ಸಮಾಜಶಾಸ್ತ್ರಜ್ಞರು ಷಿಕಾಗೋ ನಗರದ ಆಸ್ಪತ್ರೆಗಳಿಗೆ ಸೇರಿದವರ ವಿಳಾಸಗಳನ್ನು ನಕಾಶೆಯ ಮೇಲೆ ಗುರುತಿಸಿದಾಗ, ಸ್ಕಿಜೋಫ್ರೇನಿಯಾ ಎಂಬ ತೀವ್ರ ಚಿತ್ತವಿಕಲತೆ ನಗರದ ನಡುವಿನ ಬಡ, ಅಸ್ಥಿರ ಬಡಾವಣೆಗಳಲ್ಲಿ ದಟ್ಟವಾಗಿಯೂ ಹೊರವಲಯಕ್ಕೆ ಹೋದಂತೆ ತೆಳುವಾಗಿಯೂ ಕಂಡಿತು. ಅಂಥ ಬಡಾವಣೆಯ ಒಂಟಿತನವೇ ಕಾಯಿಲೆ ತರುತ್ತದೆ ಎಂಬುದು ಅವರ ಒಲವು. ಆದರೆ ಅದಕ್ಕೂ ಮೊದಲು, 1932ರಲ್ಲಿಯೇ, ನಾರ್ವೆಯ ಓಡೆಗಾರ್ಡ್ ಅಮೆರಿಕದ ಮಿನ್ನೆಸೋಟಕ್ಕೆ ವಲಸೆ ಹೋದ ನಾರ್ವೆಯವರಲ್ಲಿ ಈ ಕಾಯಿಲೆ ತಾಯ್ನಾಡಿನವರಿಗಿಂತ ಹೆಚ್ಚೆಂದು ಕಂಡುಕೊಂಡು, ಕಾಯಿಲೆಯ ಒಲವಿರುವವರೇ ಊರು ಬಿಟ್ಟು ಹೊರಡುತ್ತಾರೆ ಎಂದು ಎದುರು ದಿಕ್ಕಿನ ವಿವರಣೆ ಕೊಟ್ಟಿದ್ದರು. ವಲಸಿಗರ ಮಕ್ಕಳಲ್ಲಿಯೂ ಅಪಾಯ ಹೆಚ್ಚೆಂದು ಮುಂದೆ ತಿಳಿದುಬಂದಾಗ ಆ ವಿವರಣೆಯೊಂದೇ ಸಾಲದಾಯಿತು. ಆ ಮಕ್ಕಳು ಊರು ಬಿಟ್ಟವರಲ್ಲವಲ್ಲ.

ಜಗಳವನ್ನು ಸ್ವಲ್ಪ ಬಿಡಿಸಿದ್ದು 1963ರಲ್ಲಿ ಇಂಗ್ಲೆಂಡಿನ ಗೋಲ್ಡ್‌ಬರ್ಗ್ ಮತ್ತು ಮಾರಿಸನ್. ಸ್ಕಿಜೋಫ್ರೇನಿಯಾದಿಂದ ಆಸ್ಪತ್ರೆ ಸೇರಿದ ಯುವಕರು ಕೆಳಗಿನ ಕಸುಬುಗಳಲ್ಲಿ ಅತಿಯಾಗಿ ಕಂಡರು; ಆದರೆ ಅವರು ಹುಟ್ಟಿದಾಗ ಅವರ ತಂದೆಯರಿಗಿದ್ದ ಕಸುಬನ್ನು ನೋಡಿದರೆ ದೇಶದ ಉಳಿದವರಿಗಿಂತ ಭಿನ್ನವೇನೂ ಇರಲಿಲ್ಲ. ಎಂದರೆ ಮಕ್ಕಳು ಕಾಯಿಲೆಯ ದೆಸೆಯಿಂದ ಕೆಳಗೆ ಜಾರಿದ್ದರು. ಖಿನ್ನತೆಯ ಕತೆ ಹೀಗಲ್ಲ. ಇಸ್ರೇಲಿನಲ್ಲಿ ಡೋರೆನ್‌ವೆಂಡ್ ಮತ್ತು ಸಂಗಡಿಗರು ಮಾಡಿ 1992ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸ್ಕಿಜೋಫ್ರೇನಿಯಾಕ್ಕೆ ಜಾರುವಿಕೆಯ ವಿವರಣೆ ಹೆಚ್ಚು ಹೊಂದಿದರೆ, ಹೆಂಗಸರ ಖಿನ್ನತೆಗೆ ಮತ್ತು ಗಂಡಸರ ಕುಡಿತದಂಥ ವ್ಯಸನಗಳಿಗೆ ಬದುಕಿನ ಕಷ್ಟವೇ ಕಾರಣವೆಂಬ ವಿವರಣೆ ಹೊಂದುತ್ತದೆ. ಆದ್ದರಿಂದ 'ಮನೋರೋಗ' ಎಂಬ ಒಂದೇ ಗಂಟಿನಲ್ಲಿ ಎಲ್ಲವನ್ನೂ ಕಟ್ಟಬೇಡಿ. ಕಾಯಿಲೆಗೊಂದು ಲೆಕ್ಕ ಇಡಿ.

ನನಗೆ ಬಹಳ ಹಿಡಿಸಿದ ಅಧ್ಯಯನ ಮತ್ತೊಂದು. ಅಮೆರಿಕದ ಉತ್ತರ ಕೆರೋಲಿನಾದಲ್ಲಿ ಕಾಸ್ಟೆಲೋ ಮತ್ತು ಜೊತೆಗಾರರು 1993ರಿಂದ ಮಕ್ಕಳ ಮಾನಸಿಕ ಆರೋಗ್ಯವನ್ನು ವರ್ಷವರ್ಷವೂ ನೋಡುತ್ತ ಬಂದಿದ್ದರು. ನಡುವೆ ಅಲ್ಲಿನ ಚೆರೋಕಿ ಬುಡಕಟ್ಟಿನವರ ನೆಲದಲ್ಲಿ ಕ್ಯಾಸಿನೋ ತೆರೆಯಿತು. ಅದರ ಲಾಭದ ಪಾಲು ಬುಡಕಟ್ಟಿನ ಪ್ರತಿಯೊಬ್ಬರಿಗೂ, ದುಡಿದವರು ದುಡಿಯದವರು ಎನ್ನದೆ ಸಲ್ಲುವಂತಾಯಿತು. ಹಣ ಬಂದದ್ದು ಯಾರ ಮನಸ್ಸಿನ ಸ್ಥಿತಿಯಿಂದಲೂ ಅಲ್ಲವಾದ್ದರಿಂದ ಜಾರುವಿಕೆಯ ವಾದ ಇಲ್ಲಿ ನಿಲ್ಲದು. ಬಡತನದಿಂದ ಹೊರಬಂದ ಮನೆಗಳ ಮಕ್ಕಳಲ್ಲಿ ಹಟ, ಪುಂಡಾಟದಂಥ ನಡವಳಿಕೆಯ ತೊಂದರೆಗಳು ಇಳಿದವು. ಆತಂಕ ಮತ್ತು ಖಿನ್ನತೆ ಇಳಿಯಲಿಲ್ಲ. ಹಣ ಕೆಲವನ್ನು ಮುಟ್ಟುತ್ತದೆ, ಕೆಲವನ್ನು ಮುಟ್ಟುವುದಿಲ್ಲ.

ಕೊಡಗಿನಲ್ಲಿ ಜಾರುವಿಕೆಯನ್ನು ಅಳೆಯಲು ಹೊರಟರೆ ಒಂದು ವಿಚಿತ್ರ ಎದುರಾಗುತ್ತದೆ. ಒಕ್ಕದ (ಜಮೀನುಳ್ಳ ಕೊಡವ ಮನೆತನದ) ಹುಡುಗನೊಬ್ಬನಿಗೆ ಇಪ್ಪತ್ತರ ವಯಸ್ಸಿನಲ್ಲಿ ಕಾಯಿಲೆ ಬಂದರೆ ಅವನು ಲೈನ್‌ಮನೆಗೆ ಜಾರುವುದಿಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತಾನೆ, ಅಣ್ಣತಮ್ಮಂದಿರು ನೋಡಿಕೊಳ್ಳುತ್ತಾರೆ, ಸಮೀಕ್ಷೆಯವರು ಬಂದಾಗ ಅವನ ಕಸುಬಿನ ಎದುರು 'ಕಾಫಿ ಬೆಳೆಗಾರ' ಎಂದೇ ಬರೆಸುತ್ತಾರೆ. ಅವನು ಜಾರಿದ್ದಾನೆ, ಕಾಗದದಲ್ಲಿ ಕಾಣುವುದಿಲ್ಲ, ಅಷ್ಟೆ. ಕೂಲಿಯವನಿಗೆ ಹಾಗಿಲ್ಲ, ಒಂದು ಕೊಯ್ಲಿನ ಕಾಲ ಕೆಲಸಕ್ಕೆ ಹೋಗದಿದ್ದರೆ ಚೆಕ್‌ರೋಲಿನಿಂದ ಹೆಸರೂ ಹೋಯಿತು, ತಲೆಯ ಮೇಲಿನ ಸೂರೂ ಹೋಯಿತು. ಹೀಗಾಗಿ ಮನೆತನದ ಆಸ್ತಿಯನ್ನು ಮಾತ್ರ ಕೇಳದೆ, ಆ ವ್ಯಕ್ತಿಯ ಕೈಗೆ ತಿಂಗಳಿಗೆ ಎಷ್ಟು ಬರುತ್ತದೆ, ಮನೆಯ ತೀರ್ಮಾನಗಳಲ್ಲಿ ಅವನ ಮಾತಿಗೆ ಬೆಲೆಯಿದೆಯೇ ಎಂದು ಬೇರೆಯಾಗಿಯೇ ಕೇಳಬೇಕು.

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ಸೋಮವಾರಪೇಟೆ

ದೊಡ್ಡವರು ಲೆಕ್ಕದ ಮಾತು ಹೇಳಿದ್ದಾರೆ. ನಾನು ಮನೆಬಾಗಿಲಿನ ಮಾತು ಹೇಳುತ್ತೇನೆ. 'ನಿಮಗೆ ಖಿನ್ನತೆ ಇದೆಯೇ' ಎಂದು ಕೇಳಿದರೆ ಲೈನ್‌ಮನೆಯ ಹೆಂಗಸು ಇಲ್ಲವೆಂದೇ ಹೇಳುತ್ತಾಳೆ, ಏಕೆಂದರೆ ಆ ಪದ ಅವಳದಲ್ಲ. ನಿದ್ದೆ ಹೇಗಮ್ಮ, ಊಟ ಸೇರುತ್ತದೆಯೇ, ಮಂಡೆಬಿಸಿ ಇದೆಯೇ, ಎದೆ ಡವಡವ ಎನ್ನುತ್ತದೆಯೇ ಎಂದು ಕೇಳಿದರೆ ಅರ್ಧ ಗಂಟೆ ಮಾತನಾಡುತ್ತಾಳೆ. ಹಾಡಿಗಳ ಯರವರಿಗೂ ಜೇನುಕುರುಬರಿಗೂ ಅವರವರ ನುಡಿಯಿದೆ. ಅಸ್ಸಾಮಿನಿಂದ ಬಂದವರಿಗೆ ಕನ್ನಡವೇ ಹೊಸತು. ಕನ್ನಡದ ಪ್ರಶ್ನಾವಳಿಗೆ ಸುಮ್ಮನೆ ತಲೆಯಾಡಿಸಿದ್ದನ್ನು 'ಹೌದು' ಎಂದು ಗುರುತು ಹಾಕಿಕೊಂಡವರನ್ನೂ ನಾನು ಕಂಡಿದ್ದೇನೆ.

ಮೇಸ್ತ್ರಿಯ ಎದುರಿನಲ್ಲಿ ಯಾವ ಪ್ರಶ್ನೆಯನ್ನೂ ಕೇಳಬೇಡಿ. ಗಂಡನ ಎದುರಿನಲ್ಲಿಯೂ ಬೇಡ. ಲಂಡನ್ನಿನ ಕ್ಯಾಂಬರ್‌ವೆಲ್ ಬಡಾವಣೆಯ ಹೆಂಗಸರಲ್ಲಿ ಖಿನ್ನತೆ ಕುರಿತು ಬ್ರೌನ್ ಮತ್ತು ಹ್ಯಾರಿಸ್ ಎಂಬವರು 1978ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ತರಬೇತಿಯೊಂದರಲ್ಲಿ ನಮಗೆ ವಿವರಿಸಿದ್ದರು: ಮನಸ್ಸು ಬಿಚ್ಚಿ ಮಾತನಾಡಲು ಒಬ್ಬರೂ ಇಲ್ಲದಿರುವುದು, ಮನೆಯಲ್ಲಿ ಮೂರಕ್ಕೆ ಕಡಿಮೆಯಿಲ್ಲದಷ್ಟು ಸಣ್ಣ ಮಕ್ಕಳು, ಹೊರಗೆ ಕೆಲಸವಿಲ್ಲದಿರುವುದು, ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡಿರುವುದು, ಇವೆಲ್ಲ ಕಷ್ಟವೊಂದು ಎರಗಿದಾಗ ಹೆಂಗಸನ್ನು ಕುಸಿಯುವಂತೆ ಮಾಡುತ್ತವೆ ಎಂದು. ನಮ್ಮ ಲೈನ್‌ಮನೆಯ ಹೆಂಗಸಿಗೆ ಹೊರಗಿನ ಕೆಲಸದ ಕೊರತೆಯೇನೂ ಇಲ್ಲ, ಬೆಳಗಿನಿಂದ ಸಂಜೆಯವರೆಗೆ ಅದೇ. ಹಾಗಾಗಿ ಆ ಪಟ್ಟಿಯನ್ನು ಹಾಗೆಯೇ ಎತ್ತಿ ಇಲ್ಲಿಗೆ ತರಬೇಡಿ. ಮೊದಲನೆಯದನ್ನು ಮಾತ್ರ ಬಿಡಬೇಡಿ. ತವರು ಎರಡು ದಿನದ ರೈಲಿನ ದೂರದಲ್ಲಿದ್ದು, ಪಕ್ಕದ ಕೋಣೆಯವರ ಭಾಷೆ ತಿಳಿಯದವಳಿಗೆ ಯಾರೊಡನೆ ಮಾತು?

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಡಾಕ್ಟರ್ ಸರ್, ಒಂದು ಉಪಪ್ರಶ್ನೆ. 2018ರ ಆಗಸ್ಟಿನ ಭೂಕುಸಿತದ ನಂತರ ಉತ್ತರ ಕೊಡಗಿನಲ್ಲಿ ಮಾನಸಿಕ ತೊಂದರೆಗಳು ಹೆಚ್ಚಾದವೆಂದು ಎಲ್ಲರೂ ಹೇಳುತ್ತಾರೆ. ಅದನ್ನೂ ಒಂದು ಅಧ್ಯಾಯವಾಗಿ ಸೇರಿಸಬಹುದೇ?

ಉತ್ತರ: ಸಮುದಾಯ ವೈದ್ಯಶಾಸ್ತ್ರದ ಅಧ್ಯಾಪಕ, ಮಡಿಕೇರಿ

ಹೆಚ್ಚಾಗಿರುವುದು ಬಹಳ ಮಟ್ಟಿಗೆ ಸಂಭವನೀಯ. ಆದರೆ 'ಹೆಚ್ಚಾಯಿತು' ಎನ್ನಲು ಮೊದಲು ಎಷ್ಟಿತ್ತು ಎಂಬ ಲೆಕ್ಕ ನಿಮ್ಮ ಕೈಯಲ್ಲಿರಬೇಕು. ಅದು ಇಲ್ಲದಾಗ ಮಾಡಬಹುದಾದ ಕೆಲಸವೆಂದರೆ ಹೋಲಿಕೆ: ಮಕ್ಕಂದೂರು, ಮುಕ್ಕೋಡ್ಲು ಕಡೆ ಮನೆ ಮತ್ತು ತೋಟ ಎರಡೂ ಹೋದವರು, ತೋಟ ಮಾತ್ರ ಹೋದವರು, ಅದೇ ಊರಿನಲ್ಲಿದ್ದು ಏನೂ ಕಳೆದುಕೊಳ್ಳದವರು. ನಷ್ಟ ಏರಿದಂತೆ ತೊಂದರೆಯೂ ಏರುತ್ತ ಹೋದರೆ ವಾದಕ್ಕೆ ಬಲ ಬರುತ್ತದೆ. ಸರ್ಕಾರ ಕಟ್ಟಿಸಿಕೊಟ್ಟ ಹೊಸ ಮನೆಗಳಿಗೆ ಹೋದವರನ್ನು ಇನ್ನೊಂದು ಗುಂಪಾಗಿಯೇ ಇಟ್ಟುಕೊಳ್ಳಿ. ಅವರು ಕಳೆದುಕೊಂಡದ್ದರಲ್ಲಿ ಗುಡ್ಡದ ಮಣ್ಣಿನ ಜೊತೆ ನೆರೆಹೊರೆಯೂ ಇದೆ, ಎರಡರ ಪರಿಣಾಮ ಒಂದೇ ಅಲ್ಲ. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಮತ್ತೆ ಗುಡ್ಡ ಕುಸಿದದ್ದರಿಂದ 'ನಂತರ' ಎಂಬುದು ಎಲ್ಲಿ ಮುಗಿಯುತ್ತದೆ ಎಂದು ಹೇಳುವುದೂ ಸುಲಭವಲ್ಲ. ಯಾವ ತಿಂಗಳಲ್ಲಿ ಕೇಳಿದಿರಿ ಎಂಬುದನ್ನು ತಪ್ಪದೆ ದಾಖಲಿಸಿ. ಜನವರಿಯ ಬಿಸಿಲಿನಲ್ಲಿ 'ನಿದ್ದೆ ಚೆನ್ನಾಗಿ ಬರುತ್ತದೆ' ಎಂದವರೇ ಆಗಸ್ಟಿನ ಮಳೆಯಲ್ಲಿ ರಾತ್ರಿಯಿಡೀ ಗುಡ್ಡದ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಾರೆ.

ಆದರೆ ನನ್ನ ಸಲಹೆ, ಇದನ್ನು ಈ ಪ್ರಬಂಧದಲ್ಲಿ ಸೇರಿಸಬೇಡಿ, ಎರಡೂ ಕೆಡುತ್ತವೆ. ಮನೆಮನೆಗೆ ಹೋಗಿ ಕೇಳುವುದಾದರೆ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಬೇಕು. ಕಾಯಿಲೆಯ ಗುಟ್ಟನ್ನು ಕಾಪಾಡಿಸಿಕೊಳ್ಳುವುದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ಪ್ರಕಾರ ರೋಗಿಯ ಹಕ್ಕು. ಹೆಸರು ಬಿಟ್ಟರೂ ಊರು, ವಯಸ್ಸು, ಕಸುಬು ಮೂರೂ ಸೇರಿದರೆ ನಮ್ಮಂಥ ಸಣ್ಣ ಜಿಲ್ಲೆಯಲ್ಲಿ ಆಳು ಯಾರೆಂದು ಬಸ್ ಕಂಡಕ್ಟರರೂ ಹೇಳಿಬಿಡುತ್ತಾರೆ, ಆದ್ದರಿಂದ ಊರಿನ ಬದಲು ಹೋಬಳಿಯನ್ನಷ್ಟೇ ಬರೆಯಿರಿ. ಕೇಳುತ್ತ ಹೋದಾಗ ಸಾಯುವ ಮಾತನಾಡುವವರು ಸಿಕ್ಕೇ ಸಿಗುತ್ತಾರೆ. ಅಂಥವರನ್ನು ಬರೆದುಕೊಂಡು ಎದ್ದುಬರುವಂತಿಲ್ಲ. ಮಾನಸಿಕ ನೆರವಿನ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಅಲ್ಲಿಯೇ ಕರೆ ಮಾಡಿಸಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರು ಯಾರೆಂದು ಗೊತ್ತುಮಾಡಿಯೇ ಹೊರಡಿ.

ಪ್ರಶ್ನೆ ಕೇಳಿದವರಿಂದ

ಆಗಲಿ ಸರ್. ಶೀರ್ಷಿಕೆಯಲ್ಲಿದ್ದ 'ಮನೋರೋಗದ ಹಂಚಿಕೆ' ಎಂಬುದನ್ನು ತೆಗೆದು 'ಚಿಕಿತ್ಸೆಗೆ ಬಂದವರ ಹಂಚಿಕೆ' ಎಂದು ತಿದ್ದಿದ್ದೇನೆ, ಭೂಕುಸಿತದ ಅಧ್ಯಾಯವನ್ನು ಕೈಬಿಟ್ಟಿದ್ದೇನೆ. ಚೆಕ್‌ರೋಲ್ ನೋಡಲು ಎರಡು ತೋಟಗಳವರು ಒಪ್ಪಿದ್ದಾರೆ. ಮೂರನೆಯವರು ಕೊಯ್ಲು ಮುಗಿದ ಮೇಲೆ ಬನ್ನಿ ಎಂದಿದ್ದಾರೆ. ಅಷ್ಟರಲ್ಲಿ ಕೊಯ್ಲಿನವರು ಹೊರಟುಹೋಗಿರುತ್ತಾರಾದರೂ ಪುಸ್ತಕದಲ್ಲಿ ಅವರ ಹಾಜರಿ ಉಳಿದಿರುತ್ತದೆಯೆಂದು ರೈಟರು ಹೇಳಿದ್ದಾರೆ.